ಊದುಬತ್ತಿ ಹೊಗೆ ಕೆಳಗಿಳಿದ ಶನಿವಾರ

ಫೆಬ್ರುವರಿ 28 ಬಂತೆಂದರೆ ನಮ್ಮ ವಾಟ್ಸ್ಆ್ಯಪ್‌ಗೆ ಒಂದೇ ನಮೂನೆಯ ಫೋಟೊಗಳು ಬಂದು ಬೀಳುತ್ತವೆ. ಸಿ.ವಿ. ರಾಮನ್ ಭಾವಚಿತ್ರ, ಅದಕ್ಕೊಂದು ಹಾರ, ಮುಂದೆ ಎರಡು ಊದುಬತ್ತಿ, ಹಿಂದೆ ಸಾಲಾಗಿ ನಿಂತ ಗಣ್ಯರು. ಮಕ್ಕಳು ಫೋಟೊದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತಾರೆ. ನಾವು 'ವಿಜ್ಞಾನ ದಿನಾಚರಣೆ' ಅಂತ ಶೀರ್ಷಿಕೆ ಕೊಟ್ಟು, ನಾಲ್ಕು ಸಾಲು ಬರೆದು, ಗಣ್ಯರ ಹೆಸರು ಬಿಟ್ಟುಹೋಗಿಲ್ಲ ತಾನೆ ಅಂತ ಎರಡು ಸಲ ನೋಡಿ ಕಳಿಸುತ್ತೇವೆ. ಹೋದ ವರ್ಷ ಕಳಿಸಿದ್ದಕ್ಕೂ ಈ ವರ್ಷ ಕಳಿಸಿದ್ದಕ್ಕೂ ಹೆಸರಷ್ಟೇ ವ್ಯತ್ಯಾಸ.

1928ರ ಆ ದಿನ ರಾಮನ್ ತಮ್ಮ ಶೋಧವನ್ನು ಲೋಕಕ್ಕೆ ತಿಳಿಸಿದರು. ಅದಕ್ಕೆ ಆ ದಿನ ಹಬ್ಬ. ಆದರೆ ಇಷ್ಟು ವರ್ಷ ನಾವು ಬರೆದ ವಿಜ್ಞಾನ ದಿನದ ಸುದ್ದಿಗಳಲ್ಲಿ ಒಂದರಲ್ಲೂ 'ಮಕ್ಕಳು ಇಂಥ ಪ್ರಯೋಗ ಮಾಡಿದರು' ಎನ್ನುವ ಸಾಲು ಇಲ್ಲ. ಭಾಷಣ ಇದೆ, ರಂಗೋಲಿ ಇದೆ, ಬಹುಮಾನ ಇದೆ.

ಈ ಮಾತನ್ನು ಸನವಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಆಡಿದೆವು. ಶಾಲೆಯ ಹೆಸರು ಬೇಡ, ಅಲ್ಲಿನ ಅಕ್ಕೋರೇ ಬೇಡ ಅಂದಿದ್ದಾರೆ. ಅತಿಥಿ ಶಿಕ್ಷಕಿ, ವಿಜ್ಞಾನ ಹೇಳಿಕೊಡುತ್ತಾರೆ. ನಮ್ಮ ಮಾತು ಕೇಳಿ ಅವರಿಗೆ ಸ್ವಲ್ಪ ಸಿಟ್ಟೇ ಬಂತು. "ಸುದ್ದಿ ಬರಿಯಾಕ ಬರ್ತೀರಿ, ಹೋಗ್ತೀರಿ. ಶನಿವಾರ ಮುಂಜಾನೆ ಬರ್ರಿ. ಬರೂವಾಗ ಒಂದು ಕಂದೀಲಿನ ಗಾಜು ತರ್ರಿ" ಅಂದರು.

ಕಂದೀಲಿನ ಗಾಜು ಈಗ ಎಲ್ಲಿ ಸಿಗುತ್ತದೆ? ಮುಂಡಗೋಡ ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆವು. ಕಡೆಗೆ ನಮ್ಮ ಮನೆಯ ಅಟ್ಟದ ಮೇಲೇ ಎರಡು ಸಿಕ್ಕವು.

ಏಳನೇ ತರಗತಿಯಲ್ಲಿ ಉಷ್ಣದ ಪಾಠ ಇದೆ. ಶಾಖ ಮೂರು ದಾರಿಯಲ್ಲಿ ಹೋಗುತ್ತದೆ: ವಹನ, ಸಂವಹನ, ವಿಕಿರಣ. ನಾವು ಓದುವಾಗಲೂ ಇದ್ದದ್ದೇ. ಒಲೆಯಲ್ಲಿಟ್ಟ ಕಬ್ಬಿಣದ ಸಲಾಕೆಯ ಈ ತುದಿ ಬಿಸಿಯಾಗುವುದು ವಹನ. ಬಿಸಿಲಿಗೆ ಬೆನ್ನು ಕಾಯುವುದು ವಿಕಿರಣ. ನಡುವಿನದು, ನೀರು ಮತ್ತು ಗಾಳಿಯಂಥ ಹರಿಯುವ ವಸ್ತುಗಳಲ್ಲಿ ಶಾಖ ಸಾಗುವ ಬಗೆ, ಸಂವಹನ. 'ಉಷ್ಣ ಸಂವಹನ ಎಂದರೇನು?' ಎಂಬ ಪ್ರಶ್ನೆಗೆ ನಾವು ಬಾಯಿಪಾಠದ ಉತ್ತರ ಬರೆದು ಎರಡಕ್ಕೆ ಎರಡೂ ಅಂಕ ತಗೊಂಡವರು. ಏನು ಬರೆದೆವು ಅಂತ ಪರೀಕ್ಷೆ ಮುಗಿದ ಮರುದಿನ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಆ ಶನಿವಾರ ಅಕ್ಕೋರು ಚಪ್ಪಲಿ ಅಂಗಡಿಯ ಒಂದು ರಟ್ಟಿನ ಡಬ್ಬಿ ತಂದಿದ್ದರು. ಅದನ್ನು ಉದ್ದಕ್ಕೆ ಅಡ್ಡ ಮಲಗಿಸಿ, ಮೇಲ್ಮೈಯಲ್ಲಿ ಎರಡು ತೂತು, ಆ ತುದಿಗೊಂದು, ಈ ತುದಿಗೊಂದು. ತೂತುಗಳ ಮೇಲೆ ನಾವು ಒಯ್ದ ಎರಡು ಕಂದೀಲಿನ ಗಾಜು. ಡಬ್ಬಿಯ ತೆರೆದ ಬದಿಗೆ ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು, ಒಳಗೆ ಕಾಣಬೇಕಲ್ಲ. ಒಂದು ಗಾಜಿನ ನೇರ ಕೆಳಗೆ ಚಿಕ್ಕ ಮೇಣದಬತ್ತಿ ಹಚ್ಚಿಟ್ಟರು. ಇನ್ನೊಂದು ಗಾಜಿನ ಕೆಳಗೆ ಏನೂ ಇಲ್ಲ.

"ಈ ಖಾಲಿ ಗಾಜಿನ ಮ್ಯಾಲ ಊದುಬತ್ತಿ ಹಿಡಿದ್ರ ಹೊಗಿ ಎಲ್ಲಿಗೆ ಹೊಕ್ಕೈತಿ?"

ಇಡೀ ವರ್ಗ ಒಂದೇ ದನಿಯಲ್ಲಿ "ಮ್ಯಾಲ್ರೀ" ಅಂದಿತು. ಹೊಗೆ ಮೇಲೆ ಹೋಗುತ್ತದೆ, ಅದರಲ್ಲಿ ಕೇಳುವುದೇನು?

ಮೊದಲ ಸಲ ಹಾಗೇ ಆಯಿತು. ಹೊಗೆ ಅತ್ತಿತ್ತ ಹಾರಿ ಮೇಲೆ ಹೋಯಿತು. ಅಕ್ಕೋರ ಮುಖ ಸಣ್ಣಗಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕಿಟಕಿ ಮುಚ್ಚಿದ. "ಗಾಳಿ ಬರಾಕತ್ತೈತ್ರಿ" ಅಂದ. ಫ್ಯಾನೂ ಬಂದ್ ಮಾಡಿದರು. ಎರಡು ನಿಮಿಷ ಮೇಣದಬತ್ತಿ ಉರಿಯಲು ಬಿಟ್ಟು ಮತ್ತೆ ಊದುಬತ್ತಿ ಹಿಡಿದರು.

ಹೊಗೆ ಕೆಳಗಿಳಿಯಿತು. ದಾರದ ಹಾಗೆ ಗಾಜಿನೊಳಗೆ ಇಳಿದು, ಡಬ್ಬಿಯ ತಳದಲ್ಲಿ ಅಡ್ಡಕ್ಕೆ ಹರಿದು, ಮೇಣದಬತ್ತಿಯ ಹತ್ತಿರ ಹೋಗಿ, ಆಚೆಯ ಗಾಜಿನಿಂದ ಮೇಲೆ ಬಂತು. "ಅಕ್ಕೋರ, ಹೊಗಿ ಕೆಳಗ ಹೊಂಟೈತ್ರಿ!" ಅಂತ ಕೂಗಿದವಳು ಯಾರೆಂದು ಗೊತ್ತಾಗುವಷ್ಟರಲ್ಲಿ ಇಡೀ ವರ್ಗ ಮೇಜಿನ ಮೇಲೆ ಬಿದ್ದಿತ್ತು. ನಾವೂ ಸರಿದು ಇಣುಕಿದೆವು. ಮೂವತ್ತು ದಾಟಿದ ನಾವು, ಎರಡಕ್ಕೆ ಎರಡು ಅಂಕ ತಗೊಂಡ ನಾವು, ಹೊಗೆ ಕೆಳಗಿಳಿದದ್ದನ್ನು ನೋಡಿದ್ದು ಅದೇ ಮೊದಲು.

ಒಳಗೆ ನಡೆಯುವುದು ಇಷ್ಟು. ಮೇಣದಬತ್ತಿಯ ಮೇಲಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಅಷ್ಟೇ ಜಾಗದ ತಂಪು ಗಾಳಿಗಿಂತ ಹಗುರ. ಸುತ್ತಲಿನ ತಂಪು ಗಾಳಿ ಭಾರವಾದದ್ದು. ಅದು ಕೆಳಗೆ ನುಗ್ಗಿ ಹಗುರವಾದದ್ದನ್ನು ಮೇಲಕ್ಕೆ ದಬ್ಬುತ್ತದೆ. ಅದಕ್ಕೆ ನುಗ್ಗಲು ಇರುವ ದಾರಿ ಇನ್ನೊಂದು ಗಾಜು ಮಾತ್ರ. ಹೋಗುವಾಗ ಊದುಬತ್ತಿಯ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. 'ಬಿಸಿ ಮೇಲೆ ಹೋಗುತ್ತದೆ' ಎನ್ನುವುದು ಅರ್ಧ ಮಾತು. ಮೇಲೆ ಹೋಗುವುದು ಬಿಸಿಯಾದ ಗಾಳಿ ಅಥವಾ ನೀರು, ಅದೂ ತಂಪಾದದ್ದು ಬಂದು ಕೆಳಗಿನಿಂದ ದಬ್ಬಿದರೆ ಮಾತ್ರ. ಕಬ್ಬಿಣದ ಸಲಾಕೆಯಲ್ಲಿ ಶಾಖಕ್ಕೆ ಮೇಲು ಕೆಳಗು ಇಲ್ಲ.

ಆಮೇಲೆ ನಡೆದದ್ದು ಪುಸ್ತಕದಲ್ಲಿ ಇಲ್ಲ. ಒಬ್ಬ ಹುಡುಗಿ, ಏನನ್ನಿಸಿತೋ, ಊದುಬತ್ತಿ ಸರಿಸಿ ಆ ಖಾಲಿ ಗಾಜಿನ ಬಾಯಿಗೆ ಅಂಗೈ ಮುಚ್ಚಿದಳು. ಡಬ್ಬಿಯೊಳಗೆ ಉಳಿದಿದ್ದ ಹೊಗೆ ಮೊದಲಿನಂತೆ ಹೊರಗೆ ಹೋಗಲಿಲ್ಲ. ಅಲ್ಲೇ ಸುತ್ತತೊಡಗಿತು. ಬತ್ತಿಯ ಉರಿ ಅಲ್ಲಾಡಿತು, ಮಂಕಾಯಿತು. ಕೈ ತೆಗೆದಳು, ಹೊಗೆ ಹರಿದು ಹೋಯಿತು. ಮತ್ತೆ ಮುಚ್ಚಿದಳು. ಮೂರನೇ ಸಲಕ್ಕೆ ಕೇಳಿದಳು: "ಅಕ್ಕೋರ, ನಮ್ಮ ಅಡಗಿಮನ್ಯಾಗ ಹಿಂಗ ಆಗೂದು ಇದಕ್ಕ ಏನ್ರೀ?"

ಅವರ ಮನೆಯ ಅಡುಗೆಮನೆ ಹಿತ್ತಲ ಕಡೆಗೆ ಇದೆಯಂತೆ. ಮೇಲೆ ಹೊಗೆ ಹೋಗಲು ಕಿಂಡಿ ಇದೆ. ಚಳಿಗಾಲಕ್ಕೆ ಗಾಳಿ ಬರಬಾರದೆಂದು ಹಿತ್ತಲ ಬಾಗಿಲು ಹಾಕಿ, ಅದರ ಸಂದಿಗೆ ಗೋಣಿಚೀಲ ತುರುಕುತ್ತಾರೆ. ಆವಾಗ ಹೊಗೆ ಹೋಗುವುದಿಲ್ಲ, ಅಜ್ಜಿ ಕೆಮ್ಮುತ್ತಾಳೆ. ಮನೆಯವರೆಲ್ಲ ಕಿಂಡಿ ಸಣ್ಣದಾಯಿತು ಅಂದುಕೊಂಡಿದ್ದರು. ಕಿಂಡಿ ಸರಿಯಾಗೇ ಇತ್ತು. ತಂಪು ಗಾಳಿ ಬರುವ ದಾರಿಗೆ ಗೋಣಿಚೀಲ ತುರುಕಿದ್ದರು.

ನಮ್ಮ ಅಭಿಪ್ರಾಯದ ಪೂರ್ತಿ ತೂಕ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಆ ಹುಡುಗಿ ಕರಿಹಲಗೆ ನೋಡಿ ವ್ಯಾಖ್ಯೆ ಬರೆದುಕೊಂಡಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಅಕ್ಕೋರು ಮಾತ್ರ ಪ್ರಯೋಗ ಮಾಡಿ, ಮಕ್ಕಳು ಕೈ ಕಟ್ಟಿ ಕೂತಿದ್ದರೂ ಹುಟ್ಟುತ್ತಿರಲಿಲ್ಲ. ಕೈ ಹಾಕಲು ಬಿಟ್ಟಿದ್ದಕ್ಕೆ ಹುಟ್ಟಿತು. ಒಲೆಯ ಹೊಗೆ ನಮ್ಮೂರ ಹೆಂಗಸರ ಎದೆಗೆ ಎಷ್ಟು ವರ್ಷದಿಂದ ಹೋಗುತ್ತಿದೆ ಎಂಬುದು ಗೊತ್ತಿರುವ ನಮಗೆ ಇದು ಎರಡು ಅಂಕದ ವಿಷಯವಾಗಿ ಕಾಣುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಯಲ್ಲಿ ಅವರ ಕೆಲಸ ನಡೆಯಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮಣ್ಣಿನ ಒಲೆ, ಸಾಲಾಗಿ ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಲ್ಲಿ ಮನೆಯ ಹೊರಗೆ ಹೋಗುತ್ತದೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇತ್ತು, ಈಗಲೂ ಇರಬಹುದು. ಆ ಒಲೆಯೊಳಗೆ ನಡೆಯುವುದೂ ಚಪ್ಪಲಿ ಡಬ್ಬಿಯಲ್ಲಿ ನಡೆದದ್ದೇ. ಕೊಳವೆಯಲ್ಲಿ ಬಿಸಿ ಗಾಳಿ ಏರುತ್ತದೆ, ಸೌದೆ ಹಾಕುವ ಬಾಯಿಯಿಂದ ತಂಪು ಗಾಳಿ ಒಳಗೆ ಬರುತ್ತದೆ, ಉರಿ ಚೆನ್ನಾಗಿ ಹತ್ತುತ್ತದೆ, ಬಿಸಿ ಮೂರು ಪಾತ್ರೆಯ ಕೆಳಗೆ ಹಾದು ಹೋಗುತ್ತದೆ. ಕೊಳವೆಯ ಕರಿ ಆಗಾಗ ತೆಗೆಯದಿದ್ದರೆ ಕಟ್ಟಿಕೊಂಡು ಹೊಗೆ ಮನೆಗೇ ತಿರುಗುತ್ತದೆ. ಎಷ್ಟೋ ಕಡೆ ಕೊಳವೆ ಒಲೆ ಬಿದ್ದುಹೋದದ್ದು ಹೀಗೆ, 'ಇದು ಕೆಲಸಕ್ಕೆ ಬರೂದಿಲ್ಲ' ಎಂಬ ಮಾತಿನೊಂದಿಗೆ. ಒಲೆ ಕಟ್ಟಿಕೊಟ್ಟವರು ಡಬ್ಬಿಯ ಪ್ರಯೋಗವನ್ನೂ ಮನೆಯವರಿಗೆ ತೋರಿಸಿ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಈಗ ಗ್ಯಾಸ್ ಬಂದಿದೆಯಲ್ಲ ಅನ್ನುತ್ತೀರಿ. 2016ರಿಂದ ಉಜ್ವಲ ಬಂತು, ಸಿಲಿಂಡರ್ ಮನೆಗೆ ಬಂತು. ನೀರು ಕಾಯಿಸಲು, ರೊಟ್ಟಿ ಬಡಿಯಲು ಕಟ್ಟಿಗೆ ಒಲೆ ಇನ್ನೂ ಇದೆ, ಅದು ಬೇರೆ ಮಾತು. ಗ್ಯಾಸಿನ ಬಗ್ಗೆ ಒಂದು ಎಚ್ಚರ ಇಲ್ಲೇ ಹೇಳಿಬಿಡಬೇಕು. ಯಾಕೆಂದರೆ ಹೊಗೆ ಮೇಲೆ ಹೋಗುವುದನ್ನು ನೋಡಿದ ಮಕ್ಕಳು ಎಲ್ಲ ಅನಿಲವೂ ಮೇಲೆ ಹೋಗುತ್ತದೆ ಅಂದುಕೊಳ್ಳಬಹುದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಡುತ್ತದೆ. ಮೇಲಿನ ಕಿಂಡಿಯಿಂದ ತಾನಾಗಿ ಹೋಗಲಿ ಅಂತ ಕೂತರೆ ಹೋಗುವುದಿಲ್ಲ. ರೆಗ್ಯುಲೇಟರ್ ಬಂದ್ ಮಾಡಬೇಕು, ಬಾಗಿಲು ಪೂರ್ತಿ ತೆಗೆಯಬೇಕು, ಲೈಟಿನ ಸ್ವಿಚ್ ಮುಟ್ಟಬಾರದು, ಹಾಕಲೂ ಬಾರದು, ಆರಿಸಲೂ ಬಾರದು. ಹಾಗೆಯೇ ಚಳಿಗೆಂದು ಕೆಂಡದ ಬುಟ್ಟಿ ಒಳಗಿಟ್ಟು ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಮಲಗುವ ರೂಢಿ ಕೆಲವು ಮನೆಗಳಲ್ಲಿದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಹುಡುಗಿ ಅಂಗೈ ಮುಚ್ಚಿದ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ, ಆ ಕೋಣೆಯೂ ಅಂಥದ್ದೇ.

ಇನ್ನು ನೀರಿನ ಪ್ರಯೋಗ. ಇದನ್ನು ನೀವು ಮನೆಯಲ್ಲೇ ಮಾಡಬಹುದು. ಒಂದೇ ಅಳತೆಯ ಬಾಯಿ ಇರುವ ಎರಡು ಗಾಜಿನ ಬಾಟಲಿ ಬೇಕು. ಒಂದರಲ್ಲಿ ಬಿಸಿನೀರು, ಕುದಿಯುವುದು ಬೇಡ, ಸ್ನಾನಕ್ಕೆ ಆಗುವುದಕ್ಕಿಂತ ತುಸು ಹೆಚ್ಚು ಬಿಸಿ ಸಾಕು. ಅದಕ್ಕೆ ಒಂದು ಚಿಟಿಕೆ ಜಿಲೇಬಿ ಬಣ್ಣ. ಇನ್ನೊಂದರಲ್ಲಿ ತಣ್ಣೀರು. ಎರಡನ್ನೂ ಬಾಯಿಮಟ್ಟ ತುಂಬಿ. ತಣ್ಣೀರಿನ ಬಾಟಲಿಯ ಬಾಯಿಗೆ ದಪ್ಪ ಕಾಗದ, ಹಳೇ ಲಗ್ನಪತ್ರಿಕೆ ಆದರೂ ನಡೆಯುತ್ತದೆ, ಒತ್ತಿ ಹಿಡಿದು ತಲೆಕೆಳಗು ಮಾಡಿ ಬಿಸಿನೀರಿನ ಬಾಟಲಿಯ ಮೇಲೆ ಕೂರಿಸಿ. ಒಬ್ಬರು ಎರಡೂ ಬಾಟಲಿ ಗಟ್ಟಿ ಹಿಡಿಯಬೇಕು, ಇನ್ನೊಬ್ಬರು ಮೆಲ್ಲಗೆ ಕಾಗದ ಎಳೆಯಬೇಕು. ಕೆಳಗಿನ ಬಣ್ಣದ ನೀರು ಬಳ್ಳಿಬಳ್ಳಿಯಾಗಿ ಮೇಲಕ್ಕೆ ಹೋಗುತ್ತದೆ.

ಈಗ ಅದನ್ನೇ ಉಲ್ಟಾ ಮಾಡಿ. ತಣ್ಣೀರು ಕೆಳಗೆ, ಬಣ್ಣದ ಬಿಸಿನೀರು ಮೇಲೆ. ಕಾಗದ ಎಳೆಯಿರಿ. ಏನೂ ಆಗುವುದಿಲ್ಲ. ಮೇಲೆ ಬಣ್ಣ, ಕೆಳಗೆ ತಿಳಿ, ನಡುವೆ ಗೆರೆ ಎಳೆದ ಹಾಗೆ. ಶಾಲೆಯಲ್ಲಿ ಮಾಡಿದಾಗ ಮಕ್ಕಳಿಗೆ ಮೊದಲಿನದಕ್ಕಿಂತ ಇದೇ ಹೆಚ್ಚು ವಿಚಿತ್ರ ಅನ್ನಿಸಿತು. ನಡುವೆ ಏನೂ ಇಲ್ಲ, ಆದರೂ ಬೆರೆಯುತ್ತಿಲ್ಲ! ಅಂದ ಹಾಗೆ ಮೊದಲ ಪ್ರಯತ್ನದಲ್ಲಿ ಬಾಟಲಿ ಜಾರಿ ನಮ್ಮ ಪ್ಯಾಂಟು ಕೇಸರಿ ಆಯಿತು. ಆ ಬಣ್ಣ ಇನ್ನೂ ಹೋಗಿಲ್ಲ. ಕೆಳಗೊಂದು ಪರಾತ ಇಟ್ಟುಕೊಳ್ಳಿ.

ಬಕೆಟ್ಟಿಗೆ ಹಾಕುವ ಕಾಯಿಲ್ ನಿಮಗೆ ಗೊತ್ತು. ಕಾಯಿಲ್ ಗಿಡ್ಡ ಇದ್ದು ಬಕೆಟ್ ಆಳ ಇದ್ದರೆ ಮೇಲಿನ ನೀರು ಹೊಗೆಯಾಡುತ್ತದೆ, ತಳದ ನೀರು ತಣ್ಣಗೇ ಇರುತ್ತದೆ. ಬಿಸಿನೀರು ಮೇಲಿನ ಬಾಟಲಿಯಲ್ಲಿದ್ದ ಪ್ರಯೋಗವೇ ಇದು. ನೀರಿನ ಮೂಲಕ ಶಾಖ ಕೆಳಮುಖವಾಗಿ ಬಹಳ ನಿಧಾನ ಸಾಗುತ್ತದೆ. ಬಚ್ಚಲ ಹಂಡೆಯಲ್ಲಿ ಈ ತೊಂದರೆ ಇಲ್ಲ, ಉರಿ ಕೆಳಗಿದೆ, ತಳದ ನೀರು ಕಾದು ಏರುತ್ತದೆ, ಮೇಲಿನದು ಇಳಿಯುತ್ತದೆ, ತಾನೇ ತಾನಾಗಿ ತಿರುಗುತ್ತದೆ. ಮಾಳಿಗೆಯ ಮೇಲಿನ ಸೋಲಾರ್ ಹೀಟರಿನಲ್ಲಿ ನೀರಿನ ಟ್ಯಾಂಕ್ ಯಾವಾಗಲೂ ಬಿಸಿಲಿಗೆ ಕಾಯುವ ಕೊಳವೆಗಳಿಗಿಂತ ಎತ್ತರದಲ್ಲಿರುತ್ತದೆ. ಪಂಪ್ ಇಲ್ಲದೆ ಬಿಸಿನೀರು ಟ್ಯಾಂಕಿಗೆ ಏರುವುದು ಇದೇ ಕಾರಣಕ್ಕೆ. ಕಾಯಿಲಿನ ನೀರು ಬೆರೆಸುವ ಮೊದಲು ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ, ಕೈ ಹಾಕಿ ನೋಡುವುದು ಆಮೇಲೆ. ಈ ಅವಸರಕ್ಕೆ ಪ್ರಾಣ ಕಳೆದುಕೊಂಡವರ ಸುದ್ದಿಯನ್ನೂ ನಾವೇ ಬರೆಯಬೇಕಾಗುತ್ತದೆ.

ಪ್ರಯೋಗ ಮಾಡಿದರೆ ಸಾಕೇ? ಸಾಲದು. ಮಾಡಿಯೂ ತಪ್ಪು ಕಲಿಸಬಹುದು. ತಾಟಿನಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗ ಬಹಳ ಶಾಲೆಗಳಲ್ಲಿ ಮಾಡುತ್ತಾರೆ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. 'ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು' ಎಂದು ನಮಗೂ ಬರೆಸಿದ್ದರು. ಸರಿಯಾಗಿ ನೋಡಿದರೆ ಲೆಕ್ಕ ಕೂಡುವುದಿಲ್ಲ. ಬತ್ತಿ ಉರಿಯುವಾಗ ಆಮ್ಲಜನಕ ಖರ್ಚಾಗುತ್ತಾ ಹೋದರೆ ನೀರೂ ಆಗಿನಿಂದಲೇ ಸಮನಾಗಿ ಏರಬೇಕಿತ್ತು. ಅದು ಜೋರಾಗಿ ಏರುವುದು ಬತ್ತಿ ಆರುವ ಹೊತ್ತಿಗೆ, ಆರಿದ ಮೇಲೆ. ಲೋಟ ಬೋರಲು ಹಾಕುವಾಗಲೇ ಉರಿಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗಿರುತ್ತದೆ, ಕೆಲವೊಮ್ಮೆ ಗುಳ್ಳೆ ಏಳುವುದೂ ಕಾಣುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ದಬ್ಬುತ್ತದೆ. ಮುಖ್ಯ ಕಾರಣ ಅದು. ಒಳಗಿನ ಆಮ್ಲಜನಕವೆಲ್ಲ ಮುಗಿಯುವ ಮೊದಲೇ ಬತ್ತಿ ಆರಿರುತ್ತದೆ. ಎದುರಿಗೆ ನಡೆಯುವುದನ್ನು ಬಿಟ್ಟು ಪುಸ್ತಕದ ಉತ್ತರ ನೋಡಿಕೊಂಡು ಪ್ರಯೋಗ ಮಾಡಿದರೆ ಹೀಗಾಗುತ್ತದೆ.

ಮೊಬೈಲಿನಲ್ಲಿ ವಿಡಿಯೊ ತೋರಿಸಿದರಾಯಿತಲ್ಲ ಎನ್ನುವವರಿಗೂ ನಮ್ಮ ಉತ್ತರ ಇದೇ. ವಿಡಿಯೊದಲ್ಲಿ ಪ್ರಯೋಗ ಎಂದೂ ಕೆಡುವುದಿಲ್ಲ. ಕಿಟಕಿಯ ಗಾಳಿ ಬಂದು ಹೊಗೆ ಹಾರಿಸುವುದಿಲ್ಲ, ಹಿಂದಿನ ಬೆಂಚಿನ ಹುಡುಗ ಎದ್ದು ಕಿಟಕಿ ಮುಚ್ಚಬೇಕಾಗುವುದಿಲ್ಲ. ಆ ಹುಡುಗ ಪರೀಕ್ಷೆಯಲ್ಲಿ ಹಿಂದೆ ಅಂತ ಅಕ್ಕೋರು ಆಮೇಲೆ ಹೇಳಿದರು.

ಶಿಕ್ಷಕರ ಕಡೆಯ ಮಾತೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದರೆ ಇನ್ನೊಬ್ಬರಿಗೆ ಎಲ್ಲ ತರಗತಿ. ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಇದರ ನಡುವೆ ಪ್ರಯೋಗಕ್ಕೆ ತಯಾರಿ ಯಾವಾಗ? ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಬಹಳ ಶಾಲೆಗಳಲ್ಲಿ ವಿಜ್ಞಾನದ ಸಾಮಾನು ಇದೆ, ಕಪಾಟಿನಲ್ಲಿ, ಬೀಗದೊಳಗೆ. ನಾವು ನೋಡಿದ ಒಂದು ಕಪಾಟಿನಲ್ಲಿ ಪ್ರನಾಳಗಳಿಗೆ ಸುತ್ತಿದ ಪೇಪರೇ ಹಳದಿಯಾಗಿ ಪುಡಿಯಾಗುತ್ತಿತ್ತು. ಒಡೆದರೆ ಯಾರು ಜವಾಬ್ದಾರಿ ಎಂಬ ಹೆದರಿಕೆ. ದಾಖಲೆ ಪುಸ್ತಕದಲ್ಲಿ ಹನ್ನೆರಡು ಅಂತ ಇದ್ದರೆ ಕಪಾಟಿನಲ್ಲೂ ಹನ್ನೆರಡು ಇರಬೇಕು. ಒಡೆಯದ ಪ್ರನಾಳ ಎಂದರೆ ಬಳಸದ ಪ್ರನಾಳ, ಇದನ್ನು ತಪಾಸಣೆಗೆ ಬರುವವರು ಯಾಕೆ ಕೇಳುವುದಿಲ್ಲವೋ ನಮಗೆ ಅರ್ಥವಾಗಿಲ್ಲ.

ಇಲ್ಲಿ ಊರವರ ಕೆಲಸ ಇದೆ. ಎಸ್‌ಡಿಎಂಸಿಯಲ್ಲಿ ಕೂರುವವರು ನಮ್ಮ ನಿಮ್ಮಂಥ ಪಾಲಕರು. ಮುಂದಿನ ಸಭೆಯಲ್ಲಿ ಒಂದು ಠರಾವು ಬರೆಯಿಸಿ: ಪಾಠ ಮಾಡುವಾಗ ಗಾಜಿನ ಸಾಮಾನು ಒಡೆದರೆ ಶಿಕ್ಷಕರಿಂದಾಗಲಿ ಮಕ್ಕಳಿಂದಾಗಲಿ ದುಡ್ಡು ಕೇಳುವುದಿಲ್ಲ, ಶಾಲೆಯ ಅನುದಾನದಲ್ಲಿ ಅಥವಾ ಊರವರಿಂದ ಹೊಸದು ತರುತ್ತೇವೆ. ಕಾಂಪೌಂಡಿಗೆ ಬಣ್ಣ ಹೊಡೆಸುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಮತ್ತೆ ಮಗು ಮನೆಗೆ ಬಂದು ಬಾಟಲಿ ಕೊಡು, ಊದುಬತ್ತಿ ಕೊಡು ಎಂದರೆ ಬೈಯಬೇಡಿ. ಬೆಂಕಿ ಇರುವಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತರೆ ಸಾಕು. ನಾವು ಕೂತೆವು, ನಷ್ಟವಾದದ್ದು ಒಂದು ಪ್ಯಾಂಟು.

ವಿಜ್ಞಾನ ಅಂದರೆ ದೊಡ್ಡ ಊರಿನದು ಎಂಬ ಭಾವನೆ ನಮ್ಮಲ್ಲಿದೆ. ನಮ್ಮ ತಾಲ್ಲೂಕಿನ ಟಿಬೆಟನ್ ಕಾಲೊನಿಯನ್ನೇ ನೋಡಿ. 1966ರಲ್ಲಿ ನೆಲೆಯೂರಿದ ಕಾಲೊನಿ ಅದು. ಡ್ರೆಪುಂಗ್, ಗಾದೆನ್ ಎಂಬ ದೊಡ್ಡ ಮಠಗಳು ಇಲ್ಲೇ ಇವೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಅಧ್ಯಾಪಕರು ಇಲ್ಲಿಗೆ ಬಂದು ಭಿಕ್ಷುಗಳಿಗೆ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ ಕಲಿಸಿದ್ದಾರೆ. ತಲೆಮಾರುಗಳಿಂದ ಶಾಸ್ತ್ರ ಓದಿ ವಾದ ಮಾಡುತ್ತ ಬಂದ ಮಠಗಳು ತಮ್ಮ ಪಠ್ಯಕ್ಕೆ ವಿಜ್ಞಾನ ಸೇರಿಸಿಕೊಂಡಿವೆ. ಅದೇ ತಾಲ್ಲೂಕಿನ ಸರ್ಕಾರಿ ಶಾಲೆಯ ಮಗು ಕಪಾಟಿನ ಬೀಗ ನೋಡಿಕೊಂಡು ಏಳನೇ ತರಗತಿ ಮುಗಿಸುತ್ತದೆ.

ಒಮ್ಮೆ ಕಣ್ಣು ತೆರೆಯಿತೆಂದರೆ ಸಂವಹನ ಎಲ್ಲೆಲ್ಲೂ ಕಾಣುತ್ತದೆ, ಇದು ನಮ್ಮ ಸ್ವಂತ ಅನುಭವ. ಬೆಳಗಿನ ಬಿಸಿಲು ಏರಿದ ಮೇಲೆ ಅತ್ತಿವೇರಿ ಕಡೆ ಹೋದರೆ ಮೇಲೆ ನೋಡಿ. ಹದ್ದು ರೆಕ್ಕೆ ಬಡಿಯುವುದೇ ಇಲ್ಲ, ಸುತ್ತು ಸುತ್ತುತ್ತಲೇ ಚುಕ್ಕೆಯಾಗುವಷ್ಟು ಎತ್ತರ ಹೋಗುತ್ತದೆ. ಬಿಸಿಲಿಗೆ ಕಾದ ಹೊಲದ ಮೇಲಿನಿಂದ ಏಳುವ ಗಾಳಿಯ ಮೇಲೆ ಸವಾರಿ ಅದು. ಬೆಳಗಿನ ಜಾವ ಯಾಕೆ ಹಾಗೆ ಹಾರುವುದಿಲ್ಲ ಅಂತ ಮಕ್ಕಳನ್ನು ಕೇಳಿ. ಚಳಿಗಾಲದ ಮುಂಜಾನೆ ಒಲೆಯ ಹೊಗೆ ಊರ ಮೇಲೆ ಕಂಬಳಿಯ ಹಾಗೆ ಹಾಸಿಕೊಂಡಿರುವುದನ್ನೂ ನೋಡಿರುತ್ತೀರಿ. ರಾತ್ರಿಯೆಲ್ಲ ನೆಲ ತಣ್ಣಗಾಗಿ ನೆಲದ ಹತ್ತಿರದ ಗಾಳಿಯೇ ಹೆಚ್ಚು ತಂಪು, ಅದರ ಮೇಲಿನದು ತುಸು ಬೆಚ್ಚಗೆ. ಬಿಸಿನೀರಿನ ಬಾಟಲಿ ಮೇಲಿದ್ದಾಗ ಏನೂ ಕದಲಲಿಲ್ಲವಲ್ಲ, ಹಾಗೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಹೊಗೆ ಏಳುತ್ತದೆ.

ನಮ್ಮ ಜಿಲ್ಲೆಯ ಇನ್ನೊಂದು ತುದಿ ಕಾರವಾರ. ಅಲ್ಲಿ ಹಗಲು ಸಮುದ್ರದಿಂದ ನೆಲದ ಕಡೆ ಗಾಳಿ, ರಾತ್ರಿ ನೆಲದಿಂದ ಸಮುದ್ರದ ಕಡೆ. ಹಗಲು ನೆಲ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ, ನೀರು ಎರಡಕ್ಕೂ ನಿಧಾನ. ಮೇಣದಬತ್ತಿ ಹಗಲು ನೆಲದ ಮೇಲಿದೆ, ರಾತ್ರಿ ಸಮುದ್ರದ ಮೇಲಿದೆ ಅಂದುಕೊಳ್ಳಿ. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ 1686ರಲ್ಲೇ ನಮ್ಮ ಮುಂಗಾರು ಗಾಳಿಗೂ ಇಂಥದ್ದೇ ಕಾರಣ ಬರೆದ: ಬೇಸಿಗೆಯಲ್ಲಿ ಕಾದ ನೆಲ, ಅದಕ್ಕೆ ಹೋಲಿಸಿದರೆ ತಂಪಾದ ಸಮುದ್ರ. ಆಮೇಲಿನವರು ಭೂಮಿ ತಿರುಗುವುದನ್ನು, ಮೋಡ ಕಟ್ಟುವಾಗ ಬಿಡುಗಡೆಯಾಗುವ ಶಾಖವನ್ನು, ಇನ್ನೂ ಏನೇನನ್ನೋ ಸೇರಿಸಿ ಲೆಕ್ಕ ತಿದ್ದಿದ್ದಾರೆ. ಆದರೂ ಹೊಲ ಹರಗಿ ಮೋಡ ನೋಡುತ್ತ ಕೂರುವ ನಾವು ಕಾಯುವುದು ಒಂದರ್ಥದಲ್ಲಿ ಚಪ್ಪಲಿ ಡಬ್ಬಿಯ ಹೊಗೆಯಂಥ ಗಾಳಿಗೇ.

ಶಾಲೆಯ ಕೋಣೆಯನ್ನೂ ನೋಡಿ ಬಂದೆವು. ಹಳೆಯ ಹಂಚಿನ ಕೋಣೆಯಲ್ಲಿ ಹಂಚಿನ ಸಂದಿಯಿಂದಲೇ ಬಿಸಿ ಗಾಳಿ ಹೋಗುತ್ತದೆ. ಹೊಸ ಕೋಣೆಗೆ ತಗಡು, ಅದರ ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿಗಳಿವೆ, ಆದರೆ ಅವುಗಳ ಮೇಲೆ ಗಾದೆಮಾತು, ಗುಣಾಕಾರ ಕೋಷ್ಟಕ ಬರೆದ ಫಲಕಗಳು. ಮಕ್ಕಳೇ ತೋರಿಸಿ ಹೇಳಿದರು. ಎರಡು ಫಲಕ ಆವತ್ತೇ ಕೆಳಗೆ ಬಂದವು. ಎಪ್ರಿಲ್‌ನಲ್ಲಿ ಮತ್ತೆ ಹೋಗಿ ಸೆಕೆ ಎಷ್ಟು ಕಡಿಮೆಯಾಯಿತು ಅಂತ ಕೇಳಬೇಕು.

ಗಂಟೆ ಬಾರಿಸುವ ಹೊತ್ತಿಗೆ ಕಿಟಕಿ ಮುಚ್ಚಿದ್ದ ಆ ಹುಡುಗ ಮತ್ತೆ ಎದ್ದು ನಿಂತ. "ಬಿಸಿ ಗಾಳಿ ಮ್ಯಾಲ ಹೊಕ್ಕೈತಿ ಅಂದ್ರ ಗುಡ್ಡದ ತುದಿ ಬಿಸಿ ಇರಬೇಕಲ್ರೀ? ಅಲ್ಲಿ ಯಾಕ ಥಂಡಿ?"

ನಾವು ಅಕ್ಕೋರ ಮುಖ ನೋಡಿದೆವು, ಅಕ್ಕೋರು ನಮ್ಮ ಮುಖ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲೋ, ಸೋಮವಾರ ಹೇಳ್ತೇನಿ" ಅಂದರು. ಮಕ್ಕಳ ಮುಂದೆ ಗೊತ್ತಿಲ್ಲ ಎಂದ ಶಿಕ್ಷಕರು ನಮಗೆ ಸಿಕ್ಕಿರಲೇ ಇಲ್ಲ. ಭಾನುವಾರ ಅವರೂ ಹುಡುಕಿದರು, ನಾವೂ ಹುಡುಕಿದೆವು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಏರುವ ಗಾಳಿ ಹಿಗ್ಗುತ್ತದೆ, ಹಿಗ್ಗಲು ತನ್ನದೇ ಶಾಖ ಖರ್ಚು ಮಾಡುತ್ತದೆ, ತಣ್ಣಗಾಗುತ್ತದೆ. ಒಣ ಗಾಳಿ ಸಾವಿರ ಮೀಟರ್ ಏರಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ.

ಸೋಮವಾರ ಅಕ್ಕೋರು ಇದನ್ನು ಕರಿಹಲಗೆಯ ಮೇಲೆ ಬರೆಯಲಿಲ್ಲವಂತೆ. ಮಕ್ಕಳನ್ನು ಸೈಕಲ್ ನಿಲ್ಲಿಸುವ ಜಾಗಕ್ಕೆ ಕರೆದುಕೊಂಡು ಹೋಗಿ, ಒಂದು ಟ್ಯೂಬಿಗೆ ಗಟ್ಟಿ ಗಾಳಿ ಹೊಡೆಸಿದರು. ಪಂಪಿನ ತಳ ಮುಟ್ಟಿ ನೋಡಿ ಅಂದರು, ಬೆಚ್ಚಗಿತ್ತು. ಆಮೇಲೆ ವಾಲ್ವ್ ಬಿಚ್ಚಿ, ಬುಸ್ಸೆಂದು ಬರುವ ಗಾಳಿಗೆ ಬೆರಳು ಹಿಡಿಯಲು ಹೇಳಿದರು. ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಹಿಂದಿನಿಂದ ಗಲಾಟೆ ಕೇಳುತ್ತಿತ್ತು. ಶಾಲೆಯ ಅಷ್ಟೂ ಸೈಕಲ್‌ಗಳ ಗಾಳಿ ಹೋಗಿತ್ತಂತೆ, ಪಂಪು ಒಂದೇ ಇತ್ತು.